ವಾಲಿಯ ಬೂದಿ, ಫೂಟ್ ಸಾಹೇಬರ ಕಲ್ಲು

ಹಂಪಿಯ ವಿಠ್ಠಲ ಗುಡಿಯಿಂದ ಹೆಚ್ಚು ದೂರವಿಲ್ಲದ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬ ಇದೆ. ದೂರದಿಂದ ನೋಡಿದರೆ ಬರೀ ಮಣ್ಣಿನ ಗುಡ್ಡೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಬೂದಿ, ನಡುನಡುವೆ ಕುಲುಮೆಯ ಕಿಟ್ಟದ ಹಾಗೆ ಕರಗಿ ಗಟ್ಟಿಯಾದ ಉಂಡೆಗಳು. ಊರವರು ಹೇಳುವಂತೆ ಇದು ವಾಲಿಯನ್ನು ಸುಟ್ಟ ಜಾಗ. ರಾಮನ ಬಾಣಕ್ಕೆ ಬಿದ್ದವನ ಚಿತೆಯ ಬೂದಿ.

ಪುರಾತತ್ವದವರು ಇದನ್ನು ಬಳ್ಳಾರಿ, ರಾಯಚೂರು, ಯಾದಗಿರಿ ಸುತ್ತ ಇರುವ ಬೂದಿದಿಬ್ಬಗಳ ಪಟ್ಟಿಗೆ ಸೇರಿಸಿದ್ದಾರೆ. ಅವರ ಪ್ರಕಾರ ಈ ದಿಬ್ಬಗಳು ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ಜನ ಸುಟ್ಟ ಸಗಣಿಯ ಬೂದಿ.

ಇದನ್ನು ನಾವು ಆ ಕಡೆಯ ಒಬ್ಬ ತಾತನಿಗೆ ಹೇಳಿದೆವು. ಬೀಡಿ ಪಕ್ಕಕ್ಕಿಟ್ಟು ನಕ್ಕರು. "ಹಂಗಾದ್ರೆ ವಾಲಿ ಸುಳ್ಳೇನಪ್ಪಾ? ನಾವು ಕೋತಿಯಿಂದ ಬಂದೀವಿ ಅಂತ ನೀವೇ ಹೇಳ್ತೀರಿ. ಕೋತಿಗಳ ರಾಜ ಮಾತ್ರ ಇರ್ಲೇ ಇಲ್ಲ ಅಂತೀರಿ!"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಓದಿದೆವು, ನಮ್ಮನಮ್ಮಲ್ಲೇ ವಾದ ಮಾಡಿದೆವು. ನಮ್ಮಲ್ಲಿ ದಿನಾ ಪೂಜೆ ಮಾಡುವವರೂ ಇದ್ದೇವೆ, ಗುಡಿ ಮೆಟ್ಟಿಲು ಹತ್ತದವರೂ ಇದ್ದೇವೆ. ಆ ತಾತನ ಪ್ರಶ್ನೆಗೆ ಇದು ನಮ್ಮ ತಡವಾದ ಉತ್ತರ.

ಮೊದಲು ಒಂದು ಸಣ್ಣ ತಿದ್ದುಪಡಿ. ಮನುಷ್ಯ ಈಗಿನ ಕೋತಿಯಿಂದ ಬಂದ ಎಂದು ವಿಜ್ಞಾನ ಹೇಳುವುದಿಲ್ಲ. ಹೊಲದಲ್ಲಿ ಮೆಕ್ಕೆಜೋಳ ಮುರಿಯುವ ಮಂಗ ನಮ್ಮ ಅಜ್ಜ ಅಲ್ಲ, ದೂರದ ದಾಯಾದಿ. ಅದಕ್ಕೂ ನಮಗೂ ಒಂದೇ ಮೂಲ ಇತ್ತು, ಬಹಳ ಹಿಂದೆ ಪಾಲಾಯಿತು. ಚಿಂಪಾಂಜಿಗಳಿಗೂ ನಮಗೂ ಪಾಲಾಗಿ ಸುಮಾರು 60–70 ಲಕ್ಷ ವರ್ಷ ಆಗಿದೆ. ಮಂಗಗಳ ಜೊತೆಗಿನ ಪಾಲು ಅದಕ್ಕಿಂತ ಎಷ್ಟೋ ಹಳೆಯದು. ಪಾಲಾದ ಮೇಲೆ ಅವರ ಸಂಸಾರ ಅವರದು, ನಮ್ಮದು ನಮ್ಮದು. "ಈಗ್ಯಾಕೆ ಕೋತಿ ಮನುಷ್ಯ ಆಗ್ತಿಲ್ಲ?" ಎಂದು ಕೇಳುವುದು, ದೊಡ್ಡಪ್ಪನ ಮಕ್ಕಳು ಯಾಕೆ ನಮ್ಮಪ್ಪನ ಮಕ್ಕಳಾಗುತ್ತಿಲ್ಲ ಎಂದು ಕೇಳಿದ ಹಾಗೆ.

ಆರು ಸಾವಿರ ವರ್ಷದ ಗೋಡೆ

ಈ ಜಗಳ ಶುರುವಾದದ್ದು ನಮ್ಮಲ್ಲಿ ಅಲ್ಲ. ಜೇಮ್ಸ್ ಅಶರ್ ಎಂಬ ಐರ್ಲೆಂಡಿನ ಆರ್ಚ್‌ಬಿಷಪ್ ಬೈಬಲಿನ ವಂಶಾವಳಿಗಳನ್ನು ಕೂಡಿ ಕಳೆದು, ದೇವರು ಲೋಕವನ್ನು ಸೃಷ್ಟಿಸಿದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು 1650ರಲ್ಲಿ ಬರೆದರು. ಆ ಲೆಕ್ಕ ಇಂಗ್ಲಿಷ್ ಬೈಬಲಿನ ಅಂಚಿನಲ್ಲೇ ಅಚ್ಚಾಗುತ್ತಾ ಬಂತು. ಅಂಚಿನಲ್ಲಿದ್ದದ್ದನ್ನು ಜನ ದೇವರ ಮಾತೇ ಎಂದುಕೊಂಡರು. ಹಾಗಾಗಿ ಲೋಕದ ವಯಸ್ಸು ಸುಮಾರು 6,000 ವರ್ಷ, ಮನುಷ್ಯನ ವಯಸ್ಸೂ ಅಷ್ಟೇ.

ಆ ಗೋಡೆಗೆ ಮೊದಲು ಬಿರುಕು ಬಿಟ್ಟದ್ದು ಕಲ್ಲುಗಳಿಂದ. ಫ್ರಾನ್ಸಿನ ಅಬ್ಬೆವಿಲ್ ಎಂಬ ಊರಿನಲ್ಲಿ ಬೂಷೆ ದ ಪರ್ತ್ ಎಂಬ ಸುಂಕದ ಅಧಿಕಾರಿ, ನದಿಯ ಹಳೆಯ ಜಲ್ಲಿಯಲ್ಲಿ ಅಳಿದುಹೋದ ಪ್ರಾಣಿಗಳ ಮೂಳೆಯ ಜೊತೆಗೇ ಮನುಷ್ಯ ಕೆತ್ತಿದ ಕಲ್ಲುಗಳು ಸಿಗುತ್ತವೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1858ರಲ್ಲಿ ಹ್ಯೂ ಫಾಲ್ಕನರ್ ಅಲ್ಲಿಗೆ ಹೋಗಿ ನೋಡಿದರು. ಇವರು ಹಿಂದೆ ನಮ್ಮ ಸಹಾರನ್‌ಪುರದ ಸಸ್ಯತೋಟದಲ್ಲಿ ಕೆಲಸ ಮಾಡಿ, ಶಿವಾಲಿಕ್ ಬೆಟ್ಟಗಳಲ್ಲಿ ಮೂಳೆ ಹುಡುಕಿ ಪಳಗಿದವರು. ಮಾರನೇ ವರ್ಷ ಅವರ ಮಾತಿನ ಮೇಲೆ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಹೋದರು. ಬಂದು, ನಿಜ, ಮನುಷ್ಯ ನಾವು ತಿಳಿದದ್ದಕ್ಕಿಂತ ಎಷ್ಟೋ ಹಳಬ ಎಂದು ಲಂಡನ್ನಿನ ವಿದ್ವಾಂಸರ ಮುಂದೆ ವರದಿ ಇಟ್ಟರು. ಅದು 1859ರ ಮೇ ತಿಂಗಳು. ಅದೇ ವರ್ಷ ನವೆಂಬರ್ 24ಕ್ಕೆ ಡಾರ್ವಿನ್ನರ ಪುಸ್ತಕ ಬಂತು.

ಆ ಪುಸ್ತಕದಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಹೆಚ್ಚುಕಡಿಮೆ ಒಂದೇ ವಾಕ್ಯ ಇದೆ. ಡಾರ್ವಿನ್ ಆ ವಿಷಯವನ್ನು ಬಿಡಿಸಿ ಬರೆದದ್ದು 12 ವರ್ಷ ಬಿಟ್ಟು, 1871ರಲ್ಲಿ. ಆದರೂ ಜನಕ್ಕೆ ಅರ್ಥವಾಯಿತು, ಪತ್ರಿಕೆಗಳು ಗಡ್ಡದ ಡಾರ್ವಿನ್ನರಿಗೆ ಮಂಗನ ಮೈ ಬರೆದು ನಗಾಡಿದವು.

ಎಲ್ಲ ಕ್ರೈಸ್ತರೂ ಎದುರು ನಿಂತರು ಎನ್ನುವುದು ಮಾತ್ರ ಅರ್ಧ ಸತ್ಯ. ಅಮೆರಿಕದ ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಚರ್ಚಿಗೆ ನಡೆದುಕೊಳ್ಳುವ ಭಕ್ತ. ಡಾರ್ವಿನ್ ಹೇಳಿದ್ದು ನಿಜವೇ, ಆದರೆ ದೇವರು ಅದೇ ದಾರಿಯಲ್ಲಿ ಕೆಲಸ ಮಾಡಿರಬಹುದಲ್ಲ ಎಂದು ಬರೆದರು. ಆ ಲೇಖನಗಳನ್ನು ಕಿರುಪುಸ್ತಕವಾಗಿ ಮತ್ತೆ ಅಚ್ಚು ಹಾಕಿಸಲು ಡಾರ್ವಿನ್ನರೇ ಖರ್ಚಿಗೆ ಕೈಯಿಂದ ದುಡ್ಡು ಕೊಟ್ಟರು, ತಮಗೆ ಆ ವಾದ ಪೂರ್ತಿ ಒಪ್ಪಿಗೆಯಾಗದಿದ್ದರೂ. ಬೇರೆ ಹುಳುವಿನ ಜೀವಂತ ಮೈಯನ್ನೇ ಒಳಗಿಂದ ತಿಂದು ಬೆಳೆಯುವ ಕಣಜದ ಮರಿಗಳನ್ನು ಕರುಣಾಳುವಾದ ದೇವರು ಬೇಕೆಂದೇ ಮಾಡಿದ ಎಂದು ನಂಬಲು ತನಗಾಗುವುದಿಲ್ಲ ಎಂದು ಗ್ರೇಯವರಿಗೆ ಕಾಗದ ಬರೆದರು. ಸ್ನೇಹ ಮುರಿಯಲಿಲ್ಲ. 1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಚರ್ಚಿನ ಒಳಗೇ.

ಪಲ್ಲಾವರಂನ ಕಲ್ಲು

ಈಗ ನಮ್ಮ ಸೀಮೆಗೆ ಬರೋಣ. 1858ರಲ್ಲಿ, 24ನೇ ವಯಸ್ಸಿಗೆ, ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲೆಂಡಿನ ಯುವಕ ಭಾರತದ ಭೂಗರ್ಭ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ಇವರ ಮಾವ ಪೀಟರ್ ಪರ್ಸಿವಲ್ ತಮಿಳು ಕಲಿತ ಪಾದ್ರಿ. ಫ್ರಾನ್ಸಿನ ಕಲ್ಲುಗಳ ಸುದ್ದಿ ಫೂಟ್ ಕಿವಿಗೂ ಬಿದ್ದಿತ್ತು. 1863ರ ಮೇ 30ರಂದು ಮದ್ರಾಸಿನ ಪಕ್ಕದ ಪಲ್ಲಾವರಂನಲ್ಲಿ, ಕೆಂಪು ಮುರಕಲ್ಲಿನ ಜಲ್ಲಿ ತೆಗೆದ ಗುಂಡಿಯಲ್ಲಿ, ಅವರಿಗೆ ಒಂದು ಕಲ್ಲು ಸಿಕ್ಕಿತು. ಅಂಗೈ ತುಂಬುವಷ್ಟು, ಎರಡೂ ಕಡೆ ಚಕ್ಕೆ ಎಬ್ಬಿಸಿದ್ದು. ಮಳೆ ನೀರು ಉಜ್ಜಿ ಮಾಡಿದ ಆಕಾರವಲ್ಲ, ಯಾರದೋ ಕೈ ಮಾಡಿದ್ದು. ಭಾರತದಲ್ಲಿ ಹಳೆ ಶಿಲಾಯುಗದ ಹುಡುಕಾಟ ಶುರುವಾದದ್ದು ಆ ದಿನ.

ಆಮೇಲೆ ಮೂವತ್ತು ವರ್ಷ ಫೂಟ್ ಕೆಲಸದ ಮೇಲೆ ತಿರುಗಿದ ದಾರಿಯಲ್ಲಿ ನಮ್ಮ ಊರುಗಳು ತುಂಬಾ ಇವೆ. ಮಲಪ್ರಭೆಯ ಕಣಿವೆ, ಬಳ್ಳಾರಿ ಜಿಲ್ಲೆಯ ಗುಡ್ಡಗಳು. ನಮ್ಮ ಬಂಗಾರದ ಗಣಿಗಳಿರುವ ಹಳೆಯ ಬಂಡೆಗಳ ಸಾಲಿಗೆ ಭೂಗರ್ಭಶಾಸ್ತ್ರದಲ್ಲಿ 'ಧಾರವಾಡ' ಎಂಬ ಹೆಸರಿಟ್ಟವರೂ ಇವರೇ. ಬಂಡೆ ಹುಡುಕಲು ಸಂಬಳ ಬರುತ್ತಿತ್ತು. ಮನುಷ್ಯರ ಕಲ್ಲು ಆರಿಸಿದ್ದು ಸ್ವಂತ ಆಸಕ್ತಿಗೆ. ಹಾಗೆ ಆರಿಸಿದ್ದೆಲ್ಲ ಈಗ ಚೆನ್ನೈನ ಎಗ್ಮೋರ್ ಮ್ಯೂಸಿಯಮ್ಮಿನಲ್ಲಿದೆ.

ಆ ಕಲ್ಲುಗಳು ಎಷ್ಟು ವರ್ಷ ಹಳೆಯವು ಎಂದು ಹೇಳುವ ಉಪಾಯ ಫೂಟ್ ಕಾಲದಲ್ಲಿ ಇರಲಿಲ್ಲ. ಅದು ಬಂದದ್ದು ನಮ್ಮ ಕಾಲದಲ್ಲಿ. ಯಾದಗಿರಿ ಜಿಲ್ಲೆ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ, ಸುಣ್ಣದಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಒಂದು ಇಡೀ ಕಾರ್ಖಾನೆಯೇ ಸಿಕ್ಕಿತು. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳನ್ನು ಪರೀಕ್ಷೆ ಮಾಡಿದಾಗ ಬಂದ ಲೆಕ್ಕ ಸುಮಾರು 12 ಲಕ್ಷ ವರ್ಷ. ಮಾಡಿದವರ ಮೂಳೆ ಅಲ್ಲಿ ಸಿಕ್ಕಿಲ್ಲ. ಆದರೆ ಅಷ್ಟು ಹಿಂದೆ ನಮ್ಮಂಥ ಮನುಷ್ಯರು ಲೋಕದಲ್ಲೇ ಇರಲಿಲ್ಲ. ಇವರು ನಮಗಿಂತ ಮುಂಚಿನ ಬೇರೆ ಜಾತಿಯ ಮನುಷ್ಯರು.

ನಮ್ಮಲ್ಲಿ ತೊಡಕು ಎಲ್ಲಿದೆ

ಇಂಗ್ಲೆಂಡಿನವರಿಗೆ ಎದೆ ನಡುಗಿದ್ದು ಕಾಲದ ಲೆಕ್ಕಕ್ಕೆ. ನಮ್ಮ ತಾತನಿಗೆ ಅದು ಏನೂ ಅಲ್ಲ. ಒಂದು ಮಹಾಯುಗಕ್ಕೆ 43,20,000 ವರ್ಷ, ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷ ಎಂದು ಪುರಾಣ ಕೇಳಿ ಬೆಳೆದವರಿಗೆ 12 ಲಕ್ಷ ಯಾವ ಲೆಕ್ಕ? (ಭೂಮಿಯ ವಯಸ್ಸು ಸುಮಾರು 454 ಕೋಟಿ ಎಂದು ಗೊತ್ತಾದ ಮೇಲೆ ಈ 432 ಕೋಟಿಯನ್ನು ವಾಟ್ಸಾಪ್‌ನಲ್ಲಿ ಹೊತ್ತು ಕುಣಿಯುವವರಿಗೆ ಬರವಿಲ್ಲ. ಎರಡು ಸಂಖ್ಯೆ ಹತ್ತಿರ ಬಂದ ಮಾತ್ರಕ್ಕೆ ಎರಡೂ ಒಂದೇ ಮಾತಾಗುವುದಿಲ್ಲ.)

ಮಂಗನ ನೆಂಟಸ್ತಿಕೆಯೂ ನಮಗೆ ಅಂಥ ಅವಮಾನವಲ್ಲ. ಶನಿವಾರ ಹನುಮಪ್ಪನಿಗೆ ಎಣ್ಣೆ ಬತ್ತಿ ಹಚ್ಚುವ ಜನ ನಾವು. ಅಂಜನಾದ್ರಿಯ ಮೆಟ್ಟಿಲು ಹತ್ತುವವರಿಗೆ ಡಾರ್ವಿನ್ ಹೇಳಿದ್ದು ಬೈಗುಳದ ಹಾಗೆ ಕೇಳಬೇಕಿಲ್ಲ.

ನಮಗಿಂತ ಮುಂಚೆ ಬೇರೆ ಜನ ಇದ್ದರು ಎನ್ನುವ ಮಾತೂ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದ ಇದೆ. ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡದ ಮೇಲೆ ಚಪ್ಪಡಿ ಕಲ್ಲುಗಳ ನೂರಾರು ಗೋರಿಮನೆಗಳಿವೆ. ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರು ಎಂದರೆ ಹಿಂದೆ ಇದ್ದ ಕುಳ್ಳಗಿನ ಜನ. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಸಾಹೇಬರು ಸುಮಾರು 190 ವರ್ಷದ ಹಿಂದೆಯೇ ಈ ಕಲ್ಲುಮನೆಗಳ ಬಗ್ಗೆ ಬರೆದಿದ್ದಾರೆ. ಅವು ಕಬ್ಬಿಣದ ಕಾಲದ ಸಮಾಧಿಗಳು, ಕಟ್ಟಿದವರು ಕುಳ್ಳರೇನಲ್ಲ. ವಿವರ ತಪ್ಪಿರಬಹುದು. ಆದರೆ ಇದು ನಮ್ಮಜ್ಜ ಕಟ್ಟಿದ್ದಲ್ಲ, ನಮಗಿಂತ ಮುಂಚಿನವರದು ಎಂದು ಊರವರು ಸರಿಯಾಗಿಯೇ ಗುರುತಿಸಿದ್ದರು.

ಇನ್ನೂ ಒಂದು ಮಾತು. ಸೃಷ್ಟಿಕರ್ತ ಇಲ್ಲದೆಯೂ ಧರ್ಮ ನಡೆಯುತ್ತದೆ ಎಂಬುದನ್ನು ಈ ನೆಲ ಬಹಳ ಹಿಂದೆ ಕಂಡಿದೆ. ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲಿ, ಜೈನ ಆಚಾರ್ಯ ಜಿನಸೇನರು ತಮ್ಮ ಆದಿಪುರಾಣದಲ್ಲಿ ಲೋಕವನ್ನು ಒಬ್ಬ ದೇವರು ಮಾಡಿದ ಎನ್ನುವುದನ್ನು ವಾದ ಹೂಡಿ ತಳ್ಳಿಹಾಕಿದರು. ಬಸದಿಗಳಲ್ಲಿ ಪೂಜೆ ಅದರಿಂದ ನಿಲ್ಲಲಿಲ್ಲ.

ಹಾಗಾದರೆ ನಮಗೆ ತೊಡಕೇ ಇಲ್ಲವೇ? ಇದೆ, ಬೇರೆ ಜಾಗದಲ್ಲಿದೆ.

ಋಗ್ವೇದದ ಹತ್ತನೇ ಮಂಡಲದ ಪುರುಷಸೂಕ್ತದಲ್ಲಿ ವಿರಾಟ್ ಪುರುಷನ ಬಾಯಿ, ತೋಳು, ತೊಡೆ, ಪಾದಗಳ ಜೊತೆ ನಾಲ್ಕು ವರ್ಣಗಳನ್ನು ಜೋಡಿಸಲಾಗಿದೆ. ಅದನ್ನು ಸಾಂಕೇತಿಕ ಎನ್ನುವವರಿದ್ದಾರೆ, ಇರಲಿ. ಮುಂದೆ ಬಂದ ಧರ್ಮಶಾಸ್ತ್ರಗಳು ಸಂಕೇತ ಎಂದು ಬಿಡಲಿಲ್ಲ, ಯಾರು ಓದಬೇಕು ಯಾರು ಕೆರೆ ಮುಟ್ಟಬಾರದು ಎನ್ನುವುದಕ್ಕೆ ಅದನ್ನೇ ಸಾಕ್ಷಿ ಮಾಡಿದವು. ಹುಟ್ಟಿನ ಕಥೆಯೇ ಮೇಲುಕೀಳಿನ ಪಹಣಿ ಆಯಿತು.

ಅದಕ್ಕೆ ಕೆಳಗಿನಿಂದ ಬಂದ ಉತ್ತರವೂ ಹುಟ್ಟಿನ ಕಥೆಯೇ. ಮಾದಿಗ ಸಮುದಾಯದ ಆದಿಜಾಂಬವನ ಪುರಾಣದಲ್ಲಿ ಜಾಂಬವ ಹುಟ್ಟಿದ್ದು ಭೂಮಿ ಹುಟ್ಟುವುದಕ್ಕೂ ಆರು ತಿಂಗಳು ಮೊದಲು. ಈ ಕಥೆ ಕೇಳಿ ಮೊದಲು ನಾವೂ ನಕ್ಕಿದ್ದೆವು, ಭೂಮಿಯೇ ಇಲ್ಲದಾಗ ತಿಂಗಳ ಲೆಕ್ಕ ಹೇಗೆ ಎಂದು. ನಗು ತಪ್ಪು ಎಂದು ಆಮೇಲೆ ಗೊತ್ತಾಯಿತು. ಅದು ತಾರೀಕು ಹೇಳುವ ಮಾತಲ್ಲ. ಊರಿನ ಹೊರಗೆ ಇಟ್ಟವರಿಗೆ 'ನೀವು ಬರುವ ಮೊದಲೇ ನಾವಿದ್ದೆವು' ಎಂದು ಹೇಳುವ ಮಾತು. ಆ ಪುರಾಣಕ್ಕೆ ಕಾರ್ಬನ್ ಪರೀಕ್ಷೆ ಮಾಡಲು ಹೋಗುವುದು ದಡ್ಡತನ.

ವಿಜ್ಞಾನಕ್ಕೂ ಪುರಾಣಕ್ಕೂ ನಮ್ಮಲ್ಲಿ ನಿಜವಾದ ಡಿಕ್ಕಿ ಆಗುವುದು ಇಲ್ಲೇ: ಹುಟ್ಟಿನಿಂದ ಜನ ಬೇರೆ ಬೇರೆ ಎನ್ನುವಲ್ಲಿ. ನಮ್ಮಂಥ ಮನುಷ್ಯರ ಅತಿ ಹಳೆಯ ಕುರುಹು ಆಫ್ರಿಕಾದಲ್ಲಿದೆ, ಮೊರಾಕ್ಕೋದ ಗುಹೆಯೊಂದರಲ್ಲಿ ಸಿಕ್ಕ ಮೂಳೆಗಳಿಗೆ ಸುಮಾರು 3 ಲಕ್ಷ ವರ್ಷ. ಸುಮಾರು 60–70 ಸಾವಿರ ವರ್ಷದ ಹಿಂದೆ ಅಲ್ಲಿಂದ ಹೊರಟವರ ಸಂತಾನವೇ ಆಫ್ರಿಕಾದ ಹೊರಗಿನ ನಾವೆಲ್ಲ, ದೊಡ್ಡಮನೆಯವರು, ಕೇರಿಯವರು, ತಾಂಡಾದವರು, ಲಂಡನ್ನಿನವರು. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್‌ನವರು ಸೇರಿ 2009ರಲ್ಲಿ, ಮತ್ತೆ 2013ರಲ್ಲಿ ಭಾರತದ ನಾನಾ ಜಾತಿ, ಬುಡಕಟ್ಟುಗಳ ಡಿಎನ್‌ಎ ನೋಡಿ ಎರಡು ಮಾತು ಹೇಳಿದರು. ಒಂದು, ಹೆಚ್ಚುಕಡಿಮೆ ಎಲ್ಲರಲ್ಲೂ ಹಳೆಯ ಎರಡು ಜನಾಂಗಗಳ ರಕ್ತ ಬೆರೆತಿದೆ, ಪ್ರಮಾಣ ಮಾತ್ರ ಹೆಚ್ಚುಕಡಿಮೆ. ಎರಡು, ಈ ಬೆರಕೆ ಜೋರಾಗಿ ನಡೆದದ್ದು ಸುಮಾರು 4,200 ವರ್ಷದಿಂದ 1,900 ವರ್ಷದ ಹಿಂದಿನವರೆಗೆ. ಆಮೇಲೆ ಒಳಗೊಳಗೇ ಮದುವೆಯಾಗುವ ಕಟ್ಟು ಬಿಗಿಯಾಯಿತು.

ಅಂದರೆ ನಮ್ಮ ಬೇಲಿಗಳು ಲೋಕದ ಜೊತೆಗೇ ಹುಟ್ಟಿದವಲ್ಲ, ನಡುವೆ ಯಾರೋ ಹಾಕಿದವು. 10ನೇ ಶತಮಾನದ ಪಂಪ ಮನುಷ್ಯರ ಜಾತಿ ಒಂದೇ ಎಂದದ್ದು, 12ನೇ ಶತಮಾನದ ಶರಣರು ಹುಟ್ಟಿನ ಮೇಲುಕೀಳು ತಳ್ಳಿದ್ದು ಭಕ್ತಿಯ ಒಳಗಿಂದಲೇ. ಅವರಿಗೆ ಡಿಎನ್‌ಎ ಬೇಕಾಗಿರಲಿಲ್ಲ.

ದಶಾವತಾರದ ಅಡ್ಡದಾರಿ

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಮೀನು, ಆಮೆ, ಹಂದಿ, ನರಸಿಂಹ, ವಾಮನ, ಇದೇ ಅಲ್ಲವೇ ಡಾರ್ವಿನ್ ಹೇಳಿದ್ದು? ನಮ್ಮ ಋಷಿಗಳು ಮೊದಲೇ ಬರೆದಿಟ್ಟಿದ್ದರು.

ಕೇಳಲು ಚೆಂದ. ಆದರೆ ದಶಾವತಾರವನ್ನು ಹೀಗೆ ಡಾರ್ವಿನ್ನರ ಜೊತೆ ಜೋಡಿಸಿ ಅಚ್ಚು ಹಾಕಿಸಿದ್ದು ಥಿಯಾಸಫಿಯ ಮೇಡಂ ಬ್ಲಾವಟ್‌ಸ್ಕಿ, 1877ರಲ್ಲಿ, ನ್ಯೂಯಾರ್ಕಿನಲ್ಲಿ. ಡಾರ್ವಿನ್ ಪುಸ್ತಕ ಬಂದು 18 ವರ್ಷದ ಮೇಲೆ. ಅವತಾರದ ಕಥೆಯಲ್ಲಿ ಮೀನು ಆಮೆಯಾಗುವುದಿಲ್ಲ. ಒಬ್ಬನೇ ದೇವರು ಭಕ್ತರ ಕಷ್ಟಕ್ಕೆ ಬೇರೆ ಬೇರೆ ರೂಪದಲ್ಲಿ ಇಳಿದು ಬರುತ್ತಾನೆ. ಅದನ್ನು ಜೀವಶಾಸ್ತ್ರದ ಪಾಠ ಮಾಡಿದರೆ ಪ್ರಹ್ಲಾದನ ಕೂಗಿಗೆ ಕಂಬ ಒಡೆದು ಬಂದ ನರಸಿಂಹ ಬರೀ ಅರ್ಧ ಪ್ರಾಣಿಯ ನಮೂನೆ ಆಗಿಬಿಡುತ್ತಾನೆ. ಭಕ್ತಿಗೆ ಇದರಿಂದ ಏನು ಲಾಭ?

ನಷ್ಟವಂತೂ ಇದೆ. ವಿಜ್ಞಾನದ ಲೆಕ್ಕ ಬದಲಾಗುತ್ತಲೇ ಇರುತ್ತದೆ. ನಮ್ಮಂಥ ಮನುಷ್ಯರ ವಯಸ್ಸು 2 ಲಕ್ಷ ವರ್ಷ ಎಂದು ನಾವು ಶಾಲೆಯಲ್ಲಿ ಓದಿದ್ದೆವು. 2017ರಲ್ಲಿ ಅದು 3 ಲಕ್ಷ ಆಯಿತು. ದೇವರ ಮರ್ಯಾದೆಯನ್ನು ಈ ಲೆಕ್ಕಕ್ಕೆ ಕಟ್ಟಿದರೆ, ಪ್ರತಿ ಹೊಸ ಮೂಳೆ ಸಿಕ್ಕಾಗಲೂ ದೇವರ ಪೀಠ ಅಲುಗಾಡಬೇಕಾಗುತ್ತದೆ. ಯುಗದ ಲೆಕ್ಕ ಹಿಡಿದರೆ ಇಸಾಂಪುರದ 12 ಲಕ್ಷ ವರ್ಷ ತ್ರೇತಾಯುಗಕ್ಕೆ ಬೀಳುತ್ತದೆ. 'ರಾಮಾಯಣಕ್ಕೆ ಸಾಕ್ಷಿ ಸಿಕ್ಕಿತು' ಎಂದು ನಾಳೆಯೇ ವಿಡಿಯೋ ಮಾಡಬಹುದು. ಅಲ್ಲಿ ಸಿಕ್ಕದ್ದು ಬಿಲ್ಲುಬಾಣವಲ್ಲ, ಕೈಗೊಡಲಿ. ಅದೂ ಅಲ್ಲದೆ ತ್ರೇತಾಯುಗ ಮುಗಿದೇ ಎಂಟೂವರೆ ಲಕ್ಷ ವರ್ಷ ದಾಟಿತು ಎನ್ನುವ ಲೆಕ್ಕದಲ್ಲಿ, ನಾಲ್ಕೈದು ಸಾವಿರ ವರ್ಷದ ಬೂದಿ ವಾಲಿಯದಾಗುವುದು ಹೇಗೆ? ಎರಡನ್ನೂ ಗಂಟು ಹಾಕಲು ಹೋದವರೇ ಸಿಕ್ಕಿಬೀಳುತ್ತಾರೆ.

ಬೂದಿಯೊಳಗಿನ ಹಬ್ಬ

ಬೂದಿದಿಬ್ಬಕ್ಕೆ ವಾಪಸು ಬರೋಣ. ಈ ದಿಬ್ಬಗಳು ಸಗಣಿಯ ಬೂದಿ ಎಂದು ಫೂಟ್ ಆಗಲೇ ಹೇಳಿದ್ದರು. ಆದರೂ ಬೇರೆ ಬೇರೆ ವಾದ ನಡೆದೇ ಇತ್ತು. 1957ರಲ್ಲಿ ಇಂಗ್ಲೆಂಡಿನ ರೇಮಂಡ್ ಆಲ್ಚಿನ್, ರಾಯಚೂರಿನಾಚೆ ತೆಲಂಗಾಣದ ಉಟ್ನೂರಿನಲ್ಲಿ ಅಂಥ ಒಂದು ದಿಬ್ಬ ಅಗೆದರು. ಪದರ ಪದರವಾಗಿ ಬೂದಿ. ದೊಡ್ಡಿಯ ಸುತ್ತ ನೆಟ್ಟ ಮರದ ಕಂಬಗಳ ಗುಳಿ. ಮತ್ತೆ ನೆಲದಲ್ಲಿ ದನಗಳ ಗೊರಸಿನ ಗುರುತು, ನಾಲ್ಕು ಸಾವಿರ ವರ್ಷದ ಹಿಂದೆ ಕೆಸರಿನಲ್ಲಿ ಮೂಡಿದ್ದು, ಅಳಿಸದೆ ಹಾಗೇ ಉಳಿದಿತ್ತು.

ಅಷ್ಟು ಸಗಣಿಯನ್ನು, ಕರಗಿ ಕಿಟ್ಟವಾಗುವಷ್ಟು ಬೆಂಕಿಯಲ್ಲಿ, ಮತ್ತೆ ಮತ್ತೆ ಯಾಕೆ ಸುಟ್ಟರು? ಗೊಬ್ಬರದ ಬೆಲೆ ಗೊತ್ತಿರುವ ಯಾವ ರೈತನೂ ಕೇಳುವ ಪ್ರಶ್ನೆ. ಬೆಂಕಿ ಆಕಸ್ಮಿಕವಾಗಿರಲಾರದು, ವರ್ಷದ ಒಂದು ಹೊತ್ತಿಗೆ ಮಾಡುವ ಆಚರಣೆ ಇರಬಹುದು ಎಂದು ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ಬರೆದರು. ಹೋಲಿಕೆಗೆ ಅವರು ನೋಡಿದ್ದು ಈಗಲೂ ನಡೆಯುವ ನಮ್ಮ ಹಬ್ಬಗಳನ್ನು: ಹೋಳಿಯ ಬೆಂಕಿ, ಸಂಕ್ರಾಂತಿಯ ಹೊತ್ತಿಗೆ ದನಗಳನ್ನು ಬೆಂಕಿ ಹಾಯಿಸುವ ಪದ್ಧತಿ. ಹಳೇ ಮೈಸೂರು ಕಡೆಯವರಿಗೆ ಇದು ಗೊತ್ತು. ಹುಲ್ಲಿಗೆ ಬೆಂಕಿ ಕೊಟ್ಟು, ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಕಿಚ್ಚು ಹಾಯಿಸುತ್ತಾರೆ. ಆಮೇಲಿನ ವಿದ್ವಾಂಸರಲ್ಲಿ ಎಲ್ಲರೂ ಇದನ್ನು ಹೀಗೇ ಒಪ್ಪುವುದಿಲ್ಲ. ಆದರೂ ಆ ಬೆಂಕಿ ಬರೀ ಕಸ ಸುಡುವುದಾಗಿರಲಿಲ್ಲ ಎನ್ನುವವರು ಈಗಲೂ ಇದ್ದಾರೆ.

ಹಾಗಾಗಿ ಆ ತಾತನಿಗೆ ನಾವು ಹೇಳುವುದು ಇಷ್ಟು. ತಾತಾ, ಬೂದಿ ವಾಲಿಯದು ಎನ್ನುವುದಕ್ಕೆ ನೆಲದಲ್ಲಿ ಸಾಕ್ಷಿ ಇಲ್ಲ. ಆದರೆ ಇದು ಬರೀ ಸಗಣಿ ಎಂದು ನಾವು ಅವತ್ತು ಹೇಳಿದ್ದೂ ಪೂರ್ತಿ ಸರಿಯಲ್ಲ. ಅದನ್ನು ಸುಟ್ಟವರು ಬಹುಶಃ ಏನನ್ನೋ ನಂಬಿ ಸುಟ್ಟರು. ದನ ಉಳಿಯಲಿ, ಮಳೆ ಬರಲಿ ಎಂದಿರಬಹುದು. ಅವರ ದೇವರ ಹೆಸರು ಉಳಿದಿಲ್ಲ. ಬೂದಿ ಉಳಿದಿತ್ತು. ಅದಕ್ಕೆ ಆಮೇಲೆ ಬಂದವರು ತಮಗೆ ಗೊತ್ತಿದ್ದ ಹೆಸರಿಟ್ಟರು.

ಆ ಬೂದಿಯೂ ಎಷ್ಟು ದಿನವೋ. ಬೂದಿದಿಬ್ಬಗಳನ್ನು ಗೊಬ್ಬರಕ್ಕೆಂದು ಗಾಡಿ, ಟ್ರ್ಯಾಕ್ಟರ್‌ಗಳಲ್ಲಿ ಹೊಲಕ್ಕೆ ಹೊಡೆದಿದ್ದಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪಗಲ್ ಗುಡ್ಡಗಳಲ್ಲಿ ಆ ದನಗಾಹಿಗಳೇ ಬಂಡೆಯ ಮೇಲೆ ಉದ್ದ ಕೊಂಬಿನ ಗೂಳಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಮಾಡುವ ಬಂಡೆಗಳೂ ಅಲ್ಲಿವೆ. ಆ ಗುಡ್ಡವನ್ನು ಒಂದು ಬದಿಯಿಂದ ಗ್ರಾನೈಟ್ ಕ್ವಾರಿ ತಿಂದಿದೆ. ಅತ್ತ 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಪಾಠ ತೆಗೆಯಿತು, ಅದು ಉಳಿದಿರುವುದು ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ. ಹತ್ತಕ್ಕೆ ಓದು ಬಿಡುವ ಹುಡುಗಿಗೆ, ಕಾಮರ್ಸ್ ತೆಗೆದುಕೊಳ್ಳುವ ಹುಡುಗನಿಗೆ ಆ ಪುಸ್ತಕದಲ್ಲಿ ಡಾರ್ವಿನ್ ಸಿಗುವುದಿಲ್ಲ.

ಬಳ್ಳಾರಿಗೆ ಹೋದವರು ಒಂದು ಹೊತ್ತು ಬಿಡುವು ಮಾಡಿಕೊಂಡು ಅಲ್ಲಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ನೋಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಮುಂದಿನ ಸಲ ನಿಂಬಾಪುರದ ಕಡೆ ಹೋದಾಗ ಆ ತಾತನನ್ನೂ ಕರೆದುಕೊಂಡು ಬರಬೇಕು ಎಂದುಕೊಂಡಿದ್ದೇವೆ, ಬಸ್ ಚಾರ್ಜು ನಮ್ಮದೇ.